ಬದುಕಿ ಬಂದ ಮಗು ಮತ್ತು ಶಾಲೆಯ ಹೊಣೆ

ಮಿದುಳಿನಲ್ಲಿ ಗೆಡ್ಡೆ ಬೆಳೆದ ಮಗು ಉಳಿಯುವುದಿಲ್ಲವೆಂಬುದು ಗ್ರಾಮಾಂತರ ಜನರ ಬಹುಕಾಲದ ನಂಬಿಕೆ. ಒಂದು ಕಾಲಕ್ಕೆ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಇಂದು ಹಾಗಿಲ್ಲ. ಗೆಡ್ಡೆಯ ಬಗೆ, ಅದು ಬೆಳೆದ ಸ್ಥಳ, ಅದನ್ನು ಕಂಡುಹಿಡಿದ ಕಾಲ ಇವುಗಳನ್ನು ಅನುಸರಿಸಿ ಅನೇಕ ಮಕ್ಕಳು ಗುಣ ಹೊಂದಿ ಮನೆಗೆ ಮರಳುತ್ತಿದ್ದಾರೆ. ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅನುಗೊಂಡನಹಳ್ಳಿಯಂತಹ ಊರು ಈ ವಿಷಯದಲ್ಲಿ ಭಾಗ್ಯಶಾಲಿಯೆಂದೇ ಹೇಳಬೇಕು. 1974ರಲ್ಲಿ ಈಗಿನ ರೂಪ ತಳೆದ ನಿಮ್ಹಾನ್ಸ್, 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಗಂಥಿ ಸಂಸ್ಥೆ, ಹಣ ಪಡೆಯದೆ ಚಿಕಿತ್ಸೆ ನೀಡುವ ವೈಟ್‌ಫೀಲ್ಡಿನ ಶ್ರೀ ಸತ್ಯಸಾಯಿ ಆಸ್ಪತ್ರೆ (2001) ಇವೆಲ್ಲ ಬೆಳಿಗ್ಗೆ ಬಸ್ಸು ಹತ್ತಿದವರು ಸಂಜೆಗೆ ಮರಳಬಹುದಾದ ದೂರದಲ್ಲಿವೆ. ಪ್ರಾಣ ಉಳಿಸುವ ಕಾರ್ಯ ಅಲ್ಲಿ ನಡೆಯುತ್ತದೆ. ಆದರೆ ಉಳಿದ ಮಗು ಕೊನೆಗೆ ಬರುವುದು ಶಾಲೆಗೆ. ಶಾಲೆ ಮಾತ್ರ ಅದಕ್ಕೆ ಸಿದ್ಧವಾಗಿಲ್ಲ.

ಮಕ್ಕಳ ಮಿದುಳಿನ ಕ್ಯಾನ್ಸರ್ ಗೆಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದು ತಲೆಯ ಹಿಂಭಾಗದ ಅನುಮಸ್ತಿಷ್ಕದಲ್ಲಿ ಹುಟ್ಟುವ ಮೆಡುಲ್ಲೊಬ್ಲಾಸ್ಟೊಮ. ಬೆಳಗಿನ ಹೊತ್ತಿನ ತಲೆನೋವು, ವಾಂತಿ, ತೂರಾಡುವ ನಡಿಗೆ ಇದರ ಚಿಹ್ನೆಗಳು. ಪಿತ್ತವೆಂದೋ ಹುಳುವಿನ ಬಾಧೆಯೆಂದೋ ತಿಂಗಳುಗಳು ಕಳೆದುಹೋಗುವುದುಂಟು. ಆ ಬಳಿಕ ಶಸ್ತ್ರಚಿಕಿತ್ಸೆ, ಇಡೀ ಮಿದುಳು ಮತ್ತು ಬೆನ್ನುಹುರಿಗೆ ಸುಮಾರು ಆರು ವಾರಗಳ ವಿಕಿರಣ ಚಿಕಿತ್ಸೆ, ಅನಂತರ ಔಷಧ ಚಿಕಿತ್ಸೆ. ಒಂದು ವರ್ಷವೇ ಹೀಗೆ ಸಂದುಹೋಗುತ್ತದೆ. ತಲೆಗೂದಲು ಮತ್ತೆ ಬೆಳೆದು, ಹೆಗಲಿಗೆ ಚೀಲ ಏರಿಸಿ ಬಂದ ಬಾಲಕನನ್ನು ಕಂಡು ಎಲ್ಲರೂ ಸಂತೋಷಪಡುತ್ತಾರೆ. ಮೊದಲು ಕಲಿತ ಮಗ್ಗಿ, ಪದ್ಯ, ಓದು ಎಲ್ಲವೂ ಅವನಲ್ಲಿ ಬಹುತೇಕ ಹಾಗೆಯೇ ಇರುತ್ತವೆ. ಆದ್ದರಿಂದ ಕಾಯಿಲೆಯ ಅಧ್ಯಾಯ ಮುಗಿಯಿತೆಂದು ಉಪಾಧ್ಯಾಯರೂ ತಂದೆತಾಯಿಗಳೂ ಭಾವಿಸುವುದು ಸಹಜ.

ತೊಡಕು ತಲೆದೋರುವುದು ಎರಡು ಮೂರು ವರ್ಷಗಳ ತರುವಾಯ. ಮೂರನೆಯ ತರಗತಿಯಲ್ಲಿ ಜಾಣನೆನಿಸಿದ್ದವನು ಆರನೆಯ ತರಗತಿಯಲ್ಲಿ ಹಿಂದೆ ಬೀಳುತ್ತಾನೆ. ಕಪ್ಪುಹಲಗೆಯ ಮೇಲಿನದನ್ನು ಬರೆದುಕೊಳ್ಳುವಷ್ಟರಲ್ಲಿ ಅದನ್ನು ಒರೆಸಿ ಆಗಿರುತ್ತದೆ. ಲೆಕ್ಕದ ಎರಡನೆಯ ಹೆಜ್ಜೆಗೆ ಬರುವಾಗ ಮೊದಲನೆಯದು ಮನಸ್ಸಿನಿಂದ ಜಾರಿರುತ್ತದೆ. ಇದರ ಕಾರಣವನ್ನು ವಿಜ್ಞಾನಿಗಳು ಸಾಕಷ್ಟು ಸ್ಪಷ್ಟವಾಗಿಯೇ ಕಂಡುಕೊಂಡಿದ್ದಾರೆ. ಮಿದುಳಿನ ಒಂದು ಭಾಗದಿಂದ ಮತ್ತೊಂದಕ್ಕೆ ಸಂದೇಶ ಒಯ್ಯುವ ನರತಂತುಗಳಿಗೆ ಕೊಬ್ಬಿನಂಶದ ಹೊದಿಕೆಯೊಂದಿದೆ. ಬಾಲ್ಯದುದ್ದಕ್ಕೂ, ಯೌವನದವರೆಗೂ ಅದು ಬೆಳೆಯುತ್ತಲೇ ಇರುತ್ತದೆ. ಗೆಡ್ಡೆಯನ್ನು ಸುಡುವ ವಿಕಿರಣವು ಈ ಬೆಳವಣಿಗೆಗೂ ಪೆಟ್ಟು ಕೊಡುತ್ತದೆ. ಎಳೆಯ ವಯಸ್ಸಿನಲ್ಲಿ ಪಡೆದಷ್ಟೂ, ಪ್ರಮಾಣ ಹೆಚ್ಚಿದಷ್ಟೂ ಹಾನಿ ಅಧಿಕ. ಆದುದರಿಂದಲೇ ಮೂರು ವರ್ಷದೊಳಗಿನ ಶಿಶುಗಳಿಗೆ ಅದನ್ನು ಕೊಡದಿರಲು ಅಥವಾ ಮುಂದೂಡಲು ವೈದ್ಯರು ಯತ್ನಿಸುತ್ತಾರೆ.

ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯವರು ಇಂತಹ 44 ಮಕ್ಕಳನ್ನು ಹಲವು ವರ್ಷ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿಯೊಬ್ಬ ಉಪಾಧ್ಯಾಯನೂ ಅರಿತಿರಬೇಕು. ಈ ಮಕ್ಕಳ ಬುದ್ಧಿಸೂಚ್ಯಂಕ ವರ್ಷಕ್ಕೆ ಸರಾಸರಿ ಎರಡೂವರೆ ಅಂಕಗಳಷ್ಟು ಕುಸಿಯುತ್ತಿತ್ತು. ಆದರೆ ಅವರು ಕಲಿತದ್ದನ್ನು ಕಳೆದುಕೊಂಡಿರಲಿಲ್ಲ. ಪ್ರತಿವರ್ಷ ಹೊಸದನ್ನು ಕಲಿಯುತ್ತಲೇ ಇದ್ದರು. ಕಲಿಯುವ ವೇಗ ಮಾತ್ರ ಓರಗೆಯವರಿಗಿಂತ ಕಡಿಮೆಯಾಗಿತ್ತು. ಅಂತರ ಹಿಗ್ಗುತ್ತಾ ಹೋದುದಕ್ಕೆ ಅದೇ ಕಾರಣ. ಇದು ನಿರಾಶೆಯ ಮಾತೆಂದು ಕೆಲವರಿಗೆ ತೋರಬಹುದು. ವಾಸ್ತವವಾಗಿ ಬೋಧಕನಿಗೆ ಇದಕ್ಕಿಂತ ಧೈರ್ಯ ಕೊಡುವ ಸಂಗತಿ ಬೇರೊಂದಿಲ್ಲ. ಕಲಿಯುವ ಶಕ್ತಿ ಇದೆ, ಸಮಯ ಸಾಲದಾಗಿದೆ.

ಇದನ್ನು ತಿಳಿಯದ ಶಾಲೆ ಎರಡರಲ್ಲಿ ಒಂದು ತಪ್ಪನ್ನು ಮಾಡುತ್ತದೆ. ಮೊದಲನೆಯದು ಸೋಮಾರಿ, ಗಮನವಿಲ್ಲದವನು ಎಂದು ಗದರಿಸುವುದು. ಗಾಡಿಯ ದಾರಿಯೇ ಕುಸಿದಿರುವಾಗ ಎತ್ತುಗಳನ್ನು ಹೊಡೆದು ಪ್ರಯೋಜನವೇನು? ಎರಡನೆಯ ತಪ್ಪು ನೋಡುವುದಕ್ಕೆ ಸೌಮ್ಯವಾದುದು. ಪರಿಣಾಮದಲ್ಲಿ ಇನ್ನೂ ಕ್ರೂರವಾದುದು. 'ಪಾಪ, ಬದುಕಿ ಬಂದದ್ದೇ ಹೆಚ್ಚು' ಎಂದು ಕನಿಕರದಿಂದ ಹಿಂದಿನ ಬೆಂಚಿನಲ್ಲಿ ಕೂರಿಸಿ, ಏನನ್ನೂ ಕೇಳದೆ, ಏನನ್ನೂ ಕಲಿಸದೆ ವರ್ಷ ವರ್ಷವೂ ತೇರ್ಗಡೆ ಮಾಡುತ್ತಾ ಹೋಗುವುದು. ಹತ್ತನೆಯ ತರಗತಿಯ ಬಾಗಿಲಲ್ಲಿ ಆ ಕನಿಕರ ಥಟ್ಟನೆ ನಿಂತುಹೋಗುತ್ತದೆ.

ಮಾಡಬೇಕಾದುದು ಬಹಳವಿಲ್ಲ, ಆದರೆ ಅದನ್ನು ನಿತ್ಯವೂ ಮಾಡಬೇಕು. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು ಮೊದಲ ಕೆಲಸ. ಕೆಲವು ಔಷಧಗಳು ಕಿವಿಯ ಶಕ್ತಿಯನ್ನೂ ಕುಗ್ಗಿಸುವುದರಿಂದ, ಪಾಠ ಕೇಳಿಸದಿರುವುದನ್ನೇ ಅಲಕ್ಷ್ಯವೆಂದು ತಪ್ಪು ತಿಳಿಯುವ ಸಂಭವವಿದೆ. ಟಿಪ್ಪಣಿಯನ್ನು ಬರೆಸುವ ಬದಲು ಬರೆದ ಪ್ರತಿಯನ್ನೇ ಕೊಡಬೇಕು. ಇಪ್ಪತ್ತು ಲೆಕ್ಕಗಳ ಬದಲು ಐದು ಲೆಕ್ಕ ಸಾಕು, ಆದರೆ ಆ ಐದೂ ಪೂರ್ಣವಾಗಿ ಆಗಬೇಕು. ಸೂಚನೆಗಳನ್ನು ಒಂದೊಂದಾಗಿ ಹೇಳಬೇಕು. ಮಧ್ಯಾಹ್ನದ ಹೊತ್ತಿಗೆ ಆವರಿಸುವ ಆಯಾಸವನ್ನು ನಟನೆಯೆಂದು ಎಣಿಸಬಾರದು. ಈ ಮಗು ಪ್ರಾಥಮಿಕ ಶಾಲೆಯಿಂದ ಪ್ರೌಢಶಾಲೆಗೆ ಹೋಗುವಾಗ ವರ್ಗಾವಣೆ ಪತ್ರದಲ್ಲಿ ಜಾತಿ, ಜನ್ಮದಿನಾಂಕಗಳೆಲ್ಲ ಇರುತ್ತವೆ. ಚಿಕಿತ್ಸೆಯ ಸುದ್ದಿ ಮಾತ್ರ ಇರುವುದಿಲ್ಲ. ತಂದೆತಾಯಿಗಳ ಒಪ್ಪಿಗೆ ಪಡೆದು ಒಂದು ಹಾಳೆಯನ್ನು ಒಬ್ಬ ಉಪಾಧ್ಯಾಯರಿಂದ ಮತ್ತೊಬ್ಬರಿಗೆ ದಾಟಿಸಿದರೆ, ಪ್ರತಿ ಜೂನ್ ತಿಂಗಳಲ್ಲೂ ಆ ಬಾಲಕ ಹೊಸದಾಗಿ ದಡ್ಡನೆನಿಸಿಕೊಳ್ಳುವುದು ತಪ್ಪುತ್ತದೆ.

ಕಾನೂನಿನ ಬೆಂಬಲವೂ ಇದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ದ್ವಿತೀಯ ತೃತೀಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಹೆಸರಿಸಿ ಹೇಳುತ್ತದೆ. ಆದರೆ ಅದು ಪಟ್ಟಿ ಮಾಡಿದ 21 ಬಗೆಯ ನ್ಯೂನತೆಗಳಲ್ಲಿ ಮಿದುಳಿನ ಗೆಡ್ಡೆಯಿಂದ ಪಾರಾದವರ ಹೆಸರಿಲ್ಲ. ಮಗುವನ್ನು ಯಾವುದಾದರೊಂದು ವರ್ಗದಲ್ಲಿ ಸೇರಿಸಿ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ಮನಶ್ಶಾಸ್ತ್ರಜ್ಞರ ಪರೀಕ್ಷೆ ಬೇಕು. ಈ ಓಡಾಟವನ್ನು ಹತ್ತನೆಯ ತರಗತಿಯ ಜನವರಿಯಲ್ಲಿ ಆರಂಭಿಸುವುದು ವ್ಯರ್ಥ. ಎಂಟನೆಯ ತರಗತಿಯಲ್ಲಿಯೇ ಮುಖ್ಯೋಪಾಧ್ಯಾಯರು ಕೈಗೆತ್ತಿಕೊಳ್ಳಬೇಕು. ಶಾಲೆಯೊಳಗಿನ ಕಿರುಪರೀಕ್ಷೆಗೆ ಅರ್ಧ ಗಂಟೆ ಹೆಚ್ಚು ಕೊಡಲು ಯಾವ ಪ್ರಮಾಣಪತ್ರವೂ ಬೇಕಿಲ್ಲವೆಂಬುದನ್ನೂ ನೆನಪಿಡಬೇಕು.

ದಾನಿಗಳಿಗೆ ಒಂದು ಮಾತು. ಮಠದ ಶಾಲೆಗಳಲ್ಲಿ ಪ್ರಥಮ ಸ್ಥಾನ ಪಡೆದವರಿಗೆಂದು ದತ್ತಿನಿಧಿಗಳಿವೆ, ಪದಕಗಳಿವೆ, ಅವು ಇರಲಿ. ನಿಧಾನವಾಗಿ ಕಲಿಯುವವರ ಹೆಸರಿನಲ್ಲಿಯೂ ಒಂದು ದತ್ತಿ ಇದ್ದರೆ, ಸಂಜೆ ಒಂದು ಗಂಟೆ ಕುಳಿತು ಕಲಿಸುವ ಉಪಾಧ್ಯಾಯರೊಬ್ಬರ ಸಂಭಾವನೆ ಅದರ ಬಡ್ಡಿಯಿಂದ ನಡೆದೀತು. ಗುಣವಾದ ಮಗುವನ್ನೂ ವರುಷವರುಷವೂ ಆಸ್ಪತ್ರೆಗೆ ಕರೆದೊಯ್ದು ಬೆಳವಣಿಗೆ, ಥೈರಾಯ್ಡ್, ಶ್ರವಣಶಕ್ತಿಗಳ ತಪಾಸಣೆ ಮಾಡಿಸಬೇಕಾಗುತ್ತದೆ. ಚಿಕಿತ್ಸೆ ಉಚಿತವಾದರೂ ಆ ದಿನದ ತಂದೆಯ ಕೂಲಿ ಹೋಗುತ್ತದೆ, ಇಬ್ಬರ ಬಸ್ಸಿನ ಖರ್ಚು ಬೀಳುತ್ತದೆ. ಅನೇಕ ಕುಟುಂಬಗಳು ತಪಾಸಣೆ ಬಿಡುವುದು ಇಷ್ಟಕ್ಕಾಗಿಯೇ. ಅದನ್ನು ತುಂಬಿಕೊಡಲು ದೊಡ್ಡ ನಿಧಿಯೇನೂ ಬೇಡ.