ಹೊರೆ ಹೆಗಲಿಗೆ ತಕ್ಕಷ್ಟಿರಲಿ

ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಬಡ ವಿಧವೆಯೊಬ್ಬಳು ಎರಡು ಬಿಡಿಕಾಸು ಹಾಕಿದುದನ್ನು ಕಂಡ ಯೇಸುಸ್ವಾಮಿ, ಆಕೆಯೇ ಎಲ್ಲರಿಗಿಂತ ಹೆಚ್ಚು ಕೊಟ್ಟಳೆಂದರು. ಕೊಟ್ಟ ಮೊತ್ತವನ್ನಲ್ಲ, ಕೊಟ್ಟ ಮೇಲೆ ಕೈಯಲ್ಲಿ ಉಳಿದುದೆಷ್ಟು ಎಂಬುದನ್ನು ಅವರು ನೋಡಿದರು. ತೆರಿಗೆಯ ವಿಚಾರದಲ್ಲೂ ಧರ್ಮಸಭೆಯ ಬೋಧನೆ ಇದಕ್ಕೆ ಸಮೀಪವಾದುದೇ. ಜನರ ಶಕ್ತಿಗೆ ಅನುಗುಣವಾಗಿ ತೆರಿಗೆಯ ಭಾರ ಹಂಚಿಕೆಯಾಗಬೇಕೆಂದು ಜಗದ್ಗುರು 23ನೆಯ ಜಾನ್‌ರವರು 1961ರ ತಮ್ಮ ವಿಶ್ವಪತ್ರದಲ್ಲಿ ಸಾರಿದರು.

ನಮ್ಮ ರಾಜ್ಯದ ವೃತ್ತಿ ತೆರಿಗೆಯನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬೇಕಾಗಿದೆ. 1976ರ ಕಾಯಿದೆಯಂತೆ ವಸೂಲಾಗುವ ಈ ತೆರಿಗೆಯಿಂದ ತಿಂಗಳಿಗೆ 25,000 ರೂ.ಗಿಂತ ಕಡಿಮೆ ವೇತನ ಪಡೆಯುವವರಿಗೆ 2023ರಲ್ಲಿ ವಿನಾಯಿತಿ ದೊರೆಯಿತು. ಅದು ಸ್ವಾಗತಾರ್ಹ. ಆದರೆ ಆ ಗೆರೆ ದಾಟಿದವರೆಲ್ಲರಿಗೂ ದರ ಒಂದೇ: ತಿಂಗಳಿಗೆ 200 ರೂ.; 2025ರಿಂದ ಫೆಬ್ರವರಿಯಲ್ಲಿ 300 ರೂ.; ವರ್ಷಕ್ಕೆ ಒಟ್ಟು 2,500 ರೂ. ಇಪ್ಪತ್ತೈದು ಸಾವಿರದವನೂ ಅಷ್ಟೇ ತೆರಬೇಕು, ಎರಡು ಲಕ್ಷದವನೂ ಅಷ್ಟೇ. ಸಂಬಳದ ಅನುಪಾತದಲ್ಲಿ ಲೆಕ್ಕ ಹಾಕಿದರೆ ಮೊದಲಿನವನ ಹೊರೆ ಎರಡನೆಯವನದಕ್ಕಿಂತ ಎಂಟು ಪಟ್ಟು ಭಾರ.

ಬೈಂದೂರು, ಗಂಗೊಳ್ಳಿ, ಕುಂದಾಪುರಗಳ ನಮ್ಮ ಕುಟುಂಬಗಳ ಸ್ಥಿತಿ ನೋಡಿ. ಪತಿ ಗುಮಾಸ್ತ, ಪತ್ನಿ ದಾದಿ. ಇಬ್ಬರಿಗೂ ಇಪ್ಪತ್ತಾರು ಸಾವಿರ ರೂಪಾಯಿ ಸಂಬಳವೆಂದಿಟ್ಟುಕೊಳ್ಳೋಣ. ಆ ಮನೆಯಿಂದ ವರ್ಷಕ್ಕೆ 5,000 ರೂ. ಹೋಗುತ್ತದೆ. ಒಬ್ಬರೇ ಎರಡು ಲಕ್ಷ ಗಳಿಸುವ ಮನೆಯಿಂದ ಅದರ ಅರ್ಧ! ಇನ್ನು 24,800 ರೂ. ಪಡೆಯುತ್ತಿದ್ದ ನೌಕರನಿಗೆ ಇನ್ನೂರು ರೂಪಾಯಿ ಬಡ್ತಿ ಸಿಕ್ಕಿತೆನ್ನಿ. ಆ ಇನ್ನೂರೂ ತೆರಿಗೆಗೇ ಸಂದಾಯ.

ಇನ್ನೂರು ರೂಪಾಯಿ ಯಾವ ಮಹಾ ಮೊತ್ತ ಎಂದು ಕೇಳುವವರುಂಟು. ಬಾಡಿಗೆ, ಮಕ್ಕಳ ಶುಲ್ಕ, ವೃದ್ಧ ತಂದೆತಾಯಿಯರ ಔಷಧಿ ಕಳೆದು ಉಳಿದುದರಲ್ಲಿ ತಿಂಗಳು ದೂಡುವ ಗೃಹಿಣಿಯನ್ನು ಈ ಪ್ರಶ್ನೆ ಕೇಳಬೇಕು. ವಿನಾಯಿತಿ ಪಡೆದವರೂ ತೆರಿಗೆಮುಕ್ತರಲ್ಲ. 2024ರ ಜೂನ್‌ನಲ್ಲಿ ರಾಜ್ಯವು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು; ಡೀಸೆಲ್ ಮೇಲಿನದು 2025ರ ಎಪ್ರಿಲ್‌ನಲ್ಲಿ ಶೇ. 21.17 ಆಯಿತು. ದ್ವಿಚಕ್ರದಲ್ಲಿ ಕೆಲಸಕ್ಕೆ ಹೋಗುವವನೂ ಐಷಾರಾಮಿ ಕಾರಿನವನೂ ಲೀಟರಿಗೆ ತೆರುವುದು ಒಂದೇ ಬಗೆ. ಬುಟ್ಟಿ ಹೊತ್ತು ರಿಕ್ಷಾ ಏರುವ ಮೀನು ಮಾರುವ ಮಹಿಳೆಗೂ ಅದರ ಪಾಲು ತಪ್ಪಿದ್ದಲ್ಲ.

ಸರಕಾರಕ್ಕೂ ತನ್ನದೇ ಇಕ್ಕಟ್ಟುಗಳಿವೆ ಎಂಬುದನ್ನು ಒಪ್ಪೋಣ. ವೃತ್ತಿ ತೆರಿಗೆ ವರ್ಷಕ್ಕೆ 2,500 ರೂ. ಮೀರಕೂಡದೆಂದು ಸಂವಿಧಾನದ 276ನೆಯ ವಿಧಿ ಕಟ್ಟು ಹಾಕಿದೆ; 1988ರ ತಿದ್ದುಪಡಿಯ ನಂತರ ಆ ಮಿತಿ ಬದಲಾಗಿಲ್ಲ. ಆದುದರಿಂದ ಉಳ್ಳವರಿಂದ ಹೆಚ್ಚು ಪಡೆಯುವುದು ರಾಜ್ಯದ ಕೈಯಲ್ಲಿಲ್ಲ. ಆದರೆ ಕಡಿಮೆ ಆದಾಯದವರಿಂದ ಕಡಿಮೆ ಪಡೆಯುವುದು ಖಂಡಿತವಾಗಿಯೂ ಇದೆ. ನೆರೆಯ ಕೇರಳದಲ್ಲಿ ಆದಾಯಕ್ಕೆ ತಕ್ಕಂತೆ ಹಂತ ಹಂತದ ದರಗಳಿವೆ. ಮಹಾರಾಷ್ಟ್ರವು 25,000 ರೂ.ವರೆಗಿನ ವೇತನದ ಮಹಿಳೆಯರಿಗೆ ಪ್ರತ್ಯೇಕ ವಿನಾಯಿತಿ ನೀಡಿದೆ. ನಮ್ಮಲ್ಲೂ ಐವತ್ತು ಸಾವಿರದವರೆಗಿನ ವೇತನಕ್ಕೆ ದರ ಅರ್ಧಕ್ಕಿಳಿಯಲಿ. ಬೆಲೆಯೇರಿಕೆಯನ್ನು ನೋಡಿಕೊಂಡು ವಿನಾಯಿತಿಯ ಗೆರೆ ಕಾಲಕಾಲಕ್ಕೆ ಮೇಲೇರಲಿ. ಇದರಿಂದ ಬೊಕ್ಕಸಕ್ಕೆ ತುಸು ನಷ್ಟವಾದೀತು, ನಿಜ. ಆದರೆ ಆ ಹಣ ದುಡಿಯುವವರ ಅಡುಗೆಮನೆಯಲ್ಲೇ ಉಳಿಯುವುದು.

ತೆರಿಗೆ ಕೊಡುವುದು ಕ್ರೈಸ್ತನ ನೈತಿಕ ಕರ್ತವ್ಯ. ಅದನ್ನು ವಂಚಿಸುವುದು ಪಾಪ. ಸುಂಕದ ಜಕ್ಕಾಯನು ಪಶ್ಚಾತ್ತಾಪಪಟ್ಟಾಗ ಅನ್ಯಾಯವಾಗಿ ಪಡೆದುದಕ್ಕೆ ನಾಲ್ಕು ಪಟ್ಟು ಹಿಂದಿರುಗಿಸುವೆನೆಂದನೇ ಹೊರತು ಸುಂಕವೇ ಬೇಡವೆನ್ನಲಿಲ್ಲ. ನಾವೂ ಕೇಳುವುದು ಮುಕ್ತಿಯನ್ನಲ್ಲ, ನ್ಯಾಯವನ್ನು. ಮುಂಗಡ ಪತ್ರ ಸಿದ್ಧವಾಗುವುದಕ್ಕೆ ಮೊದಲೇ ನಮ್ಮ ಧರ್ಮಕೇಂದ್ರಗಳ ಸಂಘಟನೆಗಳು, ಇತರ ಸಮುದಾಯಗಳ ದುಡಿಯುವ ಜನರನ್ನೂ ಜೊತೆಗೂಡಿಸಿಕೊಂಡು, ಈ ಬೇಡಿಕೆಯನ್ನು ಶಾಸಕರ ಮುಂದಿಡಲಿ. ಸಂಬಳದ ಚೀಟಿ ಎಲ್ಲ ಮತದವರಿಗೂ ಒಂದೇ; ಅದರಲ್ಲಿನ ಕಡಿತವೂ ಒಂದೇ.