ನೈಂಟಿಯಲ್ಲಿ ಮಿತ ಎಲ್ಲಿದೆ?

‘ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದು’ ಎಂಬ ಮಾತು ತೇರದಾಳದ ತನಕ ಬಂದು ಮುಟ್ಟಿದೆ. ಹೊರಟದ್ದು ಬಹಳ ದೂರದಿಂದ. 1991ರ ನವೆಂಬರ್‌ನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮದಲ್ಲಿ ಸರ್ಜ್ ರೆನೋ ಎಂಬ ಫ್ರೆಂಚ್ ವಿಜ್ಞಾನಿ ಕಾಣಿಸಿಕೊಂಡರು. ಫ್ರೆಂಚರು ಅಷ್ಟೊಂದು ಬೆಣ್ಣೆ, ಚೀಸು ತಿಂದೂ ಹೃದಯಾಘಾತದಿಂದ ಕಡಿಮೆ ಸಾಯುತ್ತಾರಲ್ಲ, ಅದಕ್ಕೆ ಅವರು ಊಟದ ಜೊತೆ ಕುಡಿಯುವ ಕೆಂಪು ವೈನ್ ಕಾರಣವಿರಬಹುದು ಅಂದರು. ಅಮೆರಿಕದ ಅಂಗಡಿಗಳಲ್ಲಿ ಕೆಂಪು ವೈನಿನ ಮಾರಾಟ ಜಿಗಿಯಿತು. ಆ ಮಾತು ಸಮುದ್ರ ದಾಟಿ, ಮುಂಬೈ ದಾಟಿ, ಕೃಷ್ಣೆಯ ದಂಡೆಗೆ ಬರುವಷ್ಟರಲ್ಲಿ ಅದರೊಳಗಿನ ವೈನು ಸೋರಿಹೋಗಿತ್ತು, ಊಟವೂ ಸೋರಿಹೋಗಿತ್ತು. ಉಳಿದದ್ದು ‘ಒಳ್ಳೆಯದು’ ಎಂಬ ಒಂದು ಪದ. ಅದನ್ನು ನಾವು ತೊಂಬತ್ತು ಎಂಎಲ್ಲಿನ ಪ್ಯಾಕೆಟ್ಟಿಗೆ ಅಂಟಿಸಿಕೊಂಡೆವು.

ನಮ್ಮೂರಿನ ನಿವೃತ್ತ ಮಾಸ್ತರರೊಬ್ಬರಿಗೆ ಈ ವಿಷಯದಲ್ಲಿ ಬಹಳ ನಂಬಿಕೆ. “ತಮ್ಮಾ, ಡಾಕ್ಟರ ಹೇಳ್ಯಾರ, ದಿನಾ ಸ್ವಲ್ಪ ತಗೊಂಡ್ರ ಎದಿಗೆ ಚಲೋ ಅಂತ.” ಯಾವ ಡಾಕ್ಟರ್ರೀ ಮಾಮಾ ಅಂತ ಕೇಳಿದೆ. “ಫೋನಿನ್ಯಾಗ ಬರ್ತಾರಲ್ಲೋ” ಅಂದರು. ಸ್ವಲ್ಪ ಅಂದರೆ ಎಷ್ಟರೀ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಆದರೆ ಇಡೀ ವಾದ ನಿಂತಿರುವುದೇ ಆ ಉತ್ತರದ ಮೇಲೆ. ಹಾಗಾಗಿ ಲೆಕ್ಕ ಮಾಡೋಣ.

ನಮ್ಮ ವಿಸ್ಕಿ, ರಮ್ಮುಗಳಲ್ಲಿ ಆಲ್ಕೊಹಾಲ್ ಇರುವುದು ನೂರಕ್ಕೆ 42.8 ಭಾಗ. ಒಂದು ನೈಂಟಿಯಲ್ಲಿ ಶುದ್ಧ ಆಲ್ಕೊಹಾಲ್ 38 ಎಂಎಲ್ ಚಿಲ್ಲರೆ, ತೂಕದಲ್ಲಿ ಸುಮಾರು 30 ಗ್ರಾಂ. ಅಮೆರಿಕದವರು ಬಹುಕಾಲ ಗಂಡಸಿಗೆ ‘ಮಿತ’ ಎಂದು ಹೇಳುತ್ತ ಬಂದದ್ದು ದಿನಕ್ಕೆ ಎರಡು ಪೇಯ, ಅಂದರೆ 28 ಗ್ರಾಂ. ಹೆಂಗಸಿಗೆ ಅದರ ಅರ್ಧ. ಬ್ರಿಟನ್ನಿನ ವೈದ್ಯರು 2016ರಿಂದ ಹೇಳುತ್ತಿರುವುದು ವಾರಕ್ಕೆ 14 ಯೂನಿಟ್, 112 ಗ್ರಾಂ. ಅಂದರೆ ಒಂದು ನೈಂಟಿ ಹರಿದು ಗಂಟಲಿಗೆ ಇಳಿಸಿದಾಗಲೇ ಅಮೆರಿಕದ ದಿನದ ಮಿತಿ ದಾಟಿತು. ವಾರಕ್ಕೆ ನಾಲ್ಕು ನೈಂಟಿಗೆ ಬ್ರಿಟನ್ನಿನ ವಾರದ ಮಿತಿ ದಾಟಿತು. ಕ್ವಾರ್ಟರ್ ಮಾತು ಬಿಡಿ, ಅದು 60 ಗ್ರಾಂ. ನಮ್ಮಲ್ಲಿ ಅತಿ ಹೆಚ್ಚು ಓಡುವ ಅಳತೆಗಳಲ್ಲಿ ಅತಿ ಚಿಕ್ಕದೇ ‘ಮಿತ’ಕ್ಕಿಂತ ದೊಡ್ಡದು. ಪ್ಯಾಕೆಟ್ಟಿನ ಅರ್ಧ ಕುಡಿದು ಇನ್ನರ್ಧವನ್ನು ನಾಳೆಗೆ ಎತ್ತಿಟ್ಟವರನ್ನು ನಾನಂತೂ ಕಂಡಿಲ್ಲ. ಒಮ್ಮೆ ಹರಿದರೆ ಮುಚ್ಚಲು ಅದಕ್ಕೆ ಮುಚ್ಚಳವೂ ಇಲ್ಲ.

ಇನ್ನು ‘ಒಳ್ಳೆಯದು’ ಎಂಬ ಪದಕ್ಕೆ ಬರೋಣ. ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರು ಹೆಚ್ಚು ಬದುಕುತ್ತಾರೆ ಎಂದು ಹಲವು ಅಧ್ಯಯನಗಳು ತೋರಿಸಿದ್ದು ನಿಜ. ಅದನ್ನು ಸುಳ್ಳೆಂದು ತಳ್ಳಿಹಾಕಬಾರದು. ಆದರೆ ಆ ‘ಕುಡಿಯದವರು’ ಯಾರು? 1988ರಲ್ಲೇ ಬ್ರಿಟನ್ನಿನ ಜೆರಾಲ್ಡ್ ಶೇಪರ್ ಈ ಪ್ರಶ್ನೆ ಎತ್ತಿದರು. ಸಂಜೆಯಾದರೆ ಪಬ್ಬಿಗೆ ಹೋಗುವುದೇ ವಾಡಿಕೆಯಾದ ದೇಶದಲ್ಲಿ ಕುಡಿಯದೆ ಕೂತವನು ಹೆಚ್ಚಾಗಿ ಕುಡಿದು ಕುಡಿದು ಬಿಟ್ಟವನು, ಅಥವಾ ಯಾವುದೋ ರೋಗಕ್ಕೆ ಗುಳಿಗೆ ನುಂಗುತ್ತಿರುವವನು. ಅವನು ಬೇಗ ಸಾಯುವುದು ಕುಡಿಯದ್ದಕ್ಕಲ್ಲ, ಮೊದಲೇ ರೋಗಿಯಾಗಿದ್ದಕ್ಕೆ. ಅವನ ಪಕ್ಕದಲ್ಲಿ ನಿಲ್ಲಿಸಿದರೆ ದಿನಕ್ಕೊಂದು ಗ್ಲಾಸು ವೈನು ಕುಡಿಯುವ, ಬೆಳಿಗ್ಗೆ ವಾಕಿಂಗ್ ಹೋಗುವ, ಪಿಂಚಣಿ ಬರುವ ಗೃಹಸ್ಥ ಗಟ್ಟಿಮುಟ್ಟಾಗಿಯೇ ಕಾಣುತ್ತಾನೆ.

ತೇರದಾಳದಲ್ಲಿ ಕುಡಿಯದವನು ಯಾರು? ಇದು 1123ರ ಶಾಸನದಲ್ಲಿ ಗೊಂಕನ ನೇಮಿನಾಥ ಬಸದಿಯ ಹೆಸರಿರುವ ಊರು, ಅಲ್ಲಮಪ್ರಭುವಿನ ಗುಡಿಯಿರುವ ಊರು. ಇಲ್ಲಿನ ಎಷ್ಟೋ ಜೈನರ, ಲಿಂಗಾಯತರ ಮನೆಗಳಲ್ಲಿ ಕುಡಿತ ಹೊಸ್ತಿಲು ದಾಟಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಕುಡಿಯುವ ಗಂಡಸು ಸುಮಾರು ಆರರಲ್ಲಿ ಒಬ್ಬ, ಹೆಂಗಸರು ನೂರಕ್ಕೆ ಒಬ್ಬರೂ ಇಲ್ಲ. ನಮ್ಮಲ್ಲಿ ಕುಡಿಯದವನೆಂದರೆ ಮುಂಜಾನೆ ಕಬ್ಬಿಗೆ ನೀರು ಹಾಯಿಸಿ ಬಂದು ರೊಟ್ಟಿ ತಿನ್ನುವ ಸಾಮಾನ್ಯ ಮನುಷ್ಯ, ರೋಗಿಯಲ್ಲ. ಅವನನ್ನು ಹೋಲಿಕೆಗೆ ಇಟ್ಟುಕೊಂಡರೆ ಲಂಡನ್ನಿನ ಗೆರೆ ಇಲ್ಲಿ ಬಾಗಬೇಕಿಲ್ಲ. ಬಾಗಿಯೂ ಇಲ್ಲ: ಭಾರತದ ಕೈಗಾರಿಕಾ ನೌಕರರನ್ನು ಮತ್ತವರ ಮನೆಯವರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕುಡಿಯುವ ಗಂಡಸರ ಹೃದಯಕ್ಕೆ ರಕ್ಷಣೆಯೇನೂ ಸಿಕ್ಕಿರಲಿಲ್ಲ, ಹೃದ್ರೋಗ ಅವರಲ್ಲೇ ಹೆಚ್ಚಿತ್ತು. 2019ರಲ್ಲಿ ಪ್ರಕಟವಾದ ಚೀನಾದ ಐದು ಲಕ್ಷ ಜನರ ಅಧ್ಯಯನದಲ್ಲಿ ವಂಶವಾಹಿಗಳನ್ನೂ ಬಳಸಿ ನೋಡಿದಾಗ, ಸ್ವಲ್ಪ ಕುಡಿದರೆ ಪಾರ್ಶ್ವವಾಯು ತಪ್ಪುತ್ತದೆ ಎಂಬ ನಂಬಿಕೆಯೂ ಬಿದ್ದುಹೋಯಿತು. ಕುಡಿದಷ್ಟೂ ಅಪಾಯ ಏರುತ್ತಲೇ ಹೋಗಿತ್ತು.

ನಲವತ್ತು ದಾಟಿದವರಿಗೆ ಅತಿ ಸ್ವಲ್ಪ ಕುಡಿತದಿಂದ ಹೃದಯಕ್ಕೆ ಒಂದಿಷ್ಟು ಲಾಭ ಇರಬಹುದು ಎನ್ನುವ ವಿಜ್ಞಾನಿಗಳು ಈಗಲೂ ಇದ್ದಾರೆ. 2022ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಜಾಗತಿಕ ವಿಶ್ಲೇಷಣೆಯೂ ಹಾಗೇ ಹೇಳಿತು. ಇರಲಿ. ಅದೇ ವಿಶ್ಲೇಷಣೆ ನಲವತ್ತರ ಒಳಗಿನವರಿಗೆ ಲಾಭವಿಲ್ಲ, ಬರೀ ನಷ್ಟ ಎಂದೂ ಹೇಳಿದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರು ಆ ಎರಡನೆಯ ವಾಕ್ಯದವರು. ಇದನ್ನೆಲ್ಲ ಒಂದೇ ಸಲ ಇತ್ಯರ್ಥ ಮಾಡೋಣ ಎಂದು ಅಮೆರಿಕದ ಆರೋಗ್ಯ ಸಂಸ್ಥೆ ಒಂದು ದೊಡ್ಡ ಪ್ರಯೋಗಕ್ಕೆ ಕೈಹಾಕಿತ್ತು. 2018ರಲ್ಲಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹಣದ ಬಹುಪಾಲು ಮದ್ಯದ ಕಂಪನಿಗಳಿಂದ ಬರುವುದಿತ್ತು, ಅದನ್ನು ಕೇಳಲು ಸಂಸ್ಥೆಯ ಅಧಿಕಾರಿಗಳೇ ಹೋಗಿದ್ದರು.

ಹೃದಯವನ್ನೇ ಹಿಡಿದು ಕೂತರೆ ಬಾಯಿ, ಗಂಟಲು ಮರೆತುಹೋಗುತ್ತವೆ. ಮದ್ಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ದರ್ಜೆಯ ಕ್ಯಾನ್ಸರ್‌ಕಾರಕ ಎಂದದ್ದು 1988ರಲ್ಲಿ. ಆಲ್ಕೊಹಾಲ್ ಮೈಯಲ್ಲಿ ಒಡೆದು ಅಸಿಟಾಲ್ಡಿಹೈಡ್ ಆಗುತ್ತದೆ, ಅದು ಜೀವಕೋಶದ ಡಿಎನ್‌ಎಗೆ ಹಾನಿ ಮಾಡುತ್ತದೆ. ಇಲ್ಲಿ ವೈನು, ವಿಸ್ಕಿ ಎಂಬ ಭೇದವಿಲ್ಲ. 2025ರ ಜನವರಿಯಲ್ಲಿ ಏಳು ಬಗೆಯ ಕ್ಯಾನ್ಸರ್‌ಗಳ ಹೆಸರು ಹೇಳಿ, ಬಾಟಲಿಯ ಮೇಲೆ ಎಚ್ಚರಿಕೆ ಹಾಕಿ ಎಂದು ಅಮೆರಿಕಕ್ಕೆ ಹೇಳಿದ ಸರ್ಜನ್ ಜನರಲ್ ವಿವೇಕ್ ಮೂರ್ತಿ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದವರು. ಆ ಸುದ್ದಿ ಬಂದಾಗ ನಾವು ‘ನಮ್ಮ ಹುಡುಗ’ ಅಂತ ಹೆಮ್ಮೆಪಟ್ಟೆವು, ಅವರು ಹೇಳಿದ್ದನ್ನು ಓದಲಿಲ್ಲ. ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ರಬಕವಿ-ಬನಹಟ್ಟಿಯ ಮಗ್ಗಗಳ ಮುಂದೆ ರಾತ್ರಿಪಾಳಿ ನಿಲ್ಲುವವರ, ಹಂಗಾಮಿನಲ್ಲಿ ಕಬ್ಬು ಕಡಿಯುವವರ ಕೆನ್ನೆಯೊಳಗೆ ಹಗಲೆಲ್ಲ ತಂಬಾಕೋ ಗುಟ್ಕಾವೋ ಇರುತ್ತದೆ. ಸಂಜೆ ಅದರ ಮೇಲೆ ನೈಂಟಿ. ತಂಬಾಕು ಮತ್ತು ಮದ್ಯ ಸೇರಿದಾಗ ಬಾಯಿ ಕ್ಯಾನ್ಸರಿನ ಅಪಾಯ ಎರಡರ ಮೊತ್ತವನ್ನೂ ಮೀರುತ್ತದೆ. ‘ಮೈನೋವಿಗೆ ಸ್ವಲ್ಪ’ ಅನ್ನುವವನನ್ನು ನಾನು ಬೈಯಲಾರೆ. ಹನ್ನೆರಡು ತಾಸು ನಿಂತವನ ಸೊಂಟ ನೋಯುತ್ತದೆ, ಅದು ಸುಳ್ಳಲ್ಲ. ಅದು ಔಷಧ ಎಂದು ಅವನಿಗೆ ಹೇಳಿಕೊಡುವ ಓದಿದವರ ಮೇಲೆ ನನ್ನ ಸಿಟ್ಟು.

ಈ ‘ಆರೋಗ್ಯಕ್ಕಾಗಿ’ ಎಂಬ ನೆಪಕ್ಕೆ ನಮ್ಮ ಸೀಮೆಯಲ್ಲಿ ಸರ್ಕಾರಿ ಮುದ್ರೆಯೂ ಬಿದ್ದಿತ್ತು. ಸಾಂಗಲಿ ಸಂಸ್ಥಾನದಲ್ಲಿದ್ದ ತೇರದಾಳ 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು, 1956ರ ತನಕ ಅಲ್ಲೇ ಇತ್ತು. ಆ ಪ್ರಾಂತ್ಯದ 1949ರ ಪಾನನಿರೋಧ ಕಾಯ್ದೆ ಬಡವನಿಗೆ ಜೈಲು ತೋರಿಸಿತು. ಉಳ್ಳವರಿಗೆ ಮಾತ್ರ, ಕುಡಿತ ಬಿಟ್ಟರೆ ಆರೋಗ್ಯ ಕೆಡುತ್ತದೆ ಎಂಬ ಕಾರಣದ ಮೇಲೆ ಪರವಾನಗಿ ಪಡೆಯುವ ದಾರಿ ಬಿಟ್ಟಿತ್ತು. ಗುಜರಾತಿನಲ್ಲಿ ಈ ಆರೋಗ್ಯ ಪರವಾನಗಿ ಈಗಲೂ ನಡೆಯುತ್ತಿದೆ. ಹಾಗಾಗಿ ನಾನು ಪಾನನಿಷೇಧ ಕೇಳುತ್ತಿಲ್ಲ. 2007ರ ಜುಲೈನಲ್ಲಿ ಕರ್ನಾಟಕ ಸಾರಾಯಿ ನಿಲ್ಲಿಸಿದಾಗ ಕುಡಿತ ನಿಲ್ಲಲಿಲ್ಲ, ಸಾರಾಯಿ ಪಾಕೀಟು ಹೋಗಿ ವಿಸ್ಕಿ ಪ್ಯಾಕೆಟ್ಟು ಬಂತು, ಅಷ್ಟೇ. 2019ರ ಜನವರಿಯಲ್ಲಿ ಮದ್ಯ ಬೇಡವೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದ ಸಾವಿರಾರು ಹೆಂಗಸರಿಗೆ ‘ಮಿತ’ ಎಂಬ ಪದದ ಅರ್ಥ ನಮಗಿಂತ ಚೆನ್ನಾಗಿ ಗೊತ್ತಿತ್ತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಅದೇ ಮಾರ್ಚಿಯಲ್ಲಿ ಶಾಸಕರೊಬ್ಬರು ಎದ್ದು ನಿಂತು, ಹೆಂಗಸರಿಗೆ ತಿಂಗಳಿಗೆ 2,000 ಕೊಡುತ್ತೀರಿ, ಗಂಡಸರಿಗೆ ವಾರಕ್ಕೆರಡು ಬಾಟಲಿ ಪುಕ್ಕಟೆ ಕೊಡಿ ಎಂದು ಸದನದಲ್ಲೇ ಕೇಳಿದರು. ಆ 2,000ದಲ್ಲಿ ಎಷ್ಟು ಪಾಲು ಸಂಜೆಯೊಳಗೆ ವೈನ್‌ಶಾಪಿನ ಕಿಟಕಿಗೆ ವಾಪಸು ಹೋಗುತ್ತದೆ ಎಂದು ನಮ್ಮ ಓಣಿಯ ಯಾವ ಅವ್ವನನ್ನು ಕೇಳಿದರೂ ಹೇಳುತ್ತಾಳೆ.

ಕೊನೆಗೆ ನಮ್ಮ ಸಾಹಿತ್ಯದ ಮಂದಿಯ ಬಗ್ಗೆ. ಕವಿಗೋಷ್ಠಿ ಮುಗಿದ ರಾತ್ರಿಗಳಲ್ಲಿ ಲಾಡ್ಜಿನ ಕೋಣೆಗಳಲ್ಲಿ ಹೊಸ ಹುಡುಗರಿಗೆ ಸಿಗುವ ಮೊದಲ ದೀಕ್ಷೆ ಗ್ಲಾಸಿನದು. ‘ಲಿಮಿಟ್ಟಿನಾಗ ತಗೋ, ಏನಾಗೂದಿಲ್ಲ’ ಎಂದು ಹೇಳುವವನು ಸಾಮಾನ್ಯವಾಗಿ ಮೂರನೆಯ ಪೆಗ್ಗಿನಲ್ಲಿರುತ್ತಾನೆ. ಕುಡಿಯದಿದ್ದರೆ ಅನುಭವವಿಲ್ಲ, ಅನುಭವವಿಲ್ಲದಿದ್ದರೆ ಕವಿತೆಯಿಲ್ಲ ಎಂಬ ತರ್ಕ. ಕನ್ನಡದ ಅತಿ ಪ್ರಸಿದ್ಧ ಕುಡುಕ ಹೆಂಡಗುಡುಕ ರತ್ನನನ್ನು ಹುಟ್ಟಿಸಿದ ಜಿ.ಪಿ. ರಾಜರತ್ನಂ ಸ್ವತಃ ಕುಡಿಯುತ್ತಿರಲಿಲ್ಲ. ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯ ಹೆಂಡ ಮಾರಿಯೇ ಹೊಟ್ಟೆ ಹೊರೆದವನು, ವಚನಕಾರ. ಅವನು ಕೂಡ ತನ್ನ ಸರಕನ್ನು ಆರೋಗ್ಯದ ಹೆಸರಿನಲ್ಲಿ ಮಾರಿದ ಎಂದು ಯಾರೂ ಹೇಳಿಲ್ಲ.

ಕುಡಿಯಬೇಕೆನಿಸಿದವರು ಕುಡಿಯಲಿ. ರುಚಿಗೆ, ಗೆಳೆಯರಿಗೆ, ದುಃಖಕ್ಕೆ, ಚಟಕ್ಕೆ ಎಂದು ಹೇಳಿ ಕುಡಿಯಲಿ. ಇವೆಲ್ಲ ಮನುಷ್ಯರ ಕಾರಣಗಳು, ಅವುಗಳ ಜೊತೆ ವಾದ ಮಾಡಬಹುದು, ಸುಮ್ಮನೂ ಇರಬಹುದು. ಎದೆಯ ಮೇಲೆ ಕೈಯಿಟ್ಟು ‘ಇದಕ್ಕೆ ಚಲೋ’ ಅನ್ನುವ ಮಾಸ್ತರರಿಗೆ ಮಾತ್ರ ನಾನು ಪ್ಯಾಕೆಟ್ಟು ತಿರುಗಿಸಿ ತೋರಿಸುತ್ತೇನೆ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂದು ಕಂಪನಿಯೇ ಮುದ್ರಿಸಿರಬೇಕು, 2019ರಿಂದ ಅದು ಕಡ್ಡಾಯ. ಅಕ್ಷರ ಬಹಳ ಸಣ್ಣವು. ಮಾಮಾ ಕನ್ನಡಕ ಹುಡುಕಬೇಕಾಗುತ್ತದೆ.