ಆ ಗುಂಪಿನಲ್ಲಿ ನಿಂತವರು ಯಾರು?



ನಾವು ಮಾಡಿದ ಒಂದು ತಪ್ಪನ್ನು ಮೊದಲು ಒಪ್ಪಿಕೊಂಡು ಆಮೇಲೆ ಮಾತು ಶುರು ಮಾಡುತ್ತೇವೆ. 2022ರ ಏಪ್ರಿಲ್ 14. ಬಾಬಾಸಾಹೇಬರ ಜಯಂತಿ. ಅವತ್ತೇ 'ಕೆ.ಜಿ.ಎಫ್. ಚಾಪ್ಟರ್ 2' ಬಿಡುಗಡೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಓದೋಕೆ ಅಂತ ದಾವಣಗೆರೆಗೆ ಬಂದು ಒಂದೇ ಹಾಸ್ಟೆಲಿನಲ್ಲಿದ್ದ ಹತ್ತು ಹನ್ನೆರಡು ಜನ ನಾವು. ಹಿಂದಿನ ರಾತ್ರಿ ಮೆರವಣಿಗೆಗೆ ಅಂತ ನೀಲಿ ಬಾವುಟಗಳನ್ನು ಕೋಲಿಗೆ ಕಟ್ಟಿ ಇಟ್ಟವರೂ ನಾವೇ, ಬೆಳಗಿನ ಜಾವ ಎದ್ದು ಟಾಕೀಸಿನ ಮುಂದೆ ಸಾಲು ನಿಂತವರೂ ನಾವೇ. "ಸಿನಿಮಾ ಮುಗಿಸಿ ಮೆರವಣಿಗೆ ಸೇರಿಕೊಂಡ್ರಾಯ್ತು ಬಿಡ್ರೋ" ಅಂದ ಒಬ್ಬ. ಮುಗಿಸಿ ಬರುವಷ್ಟರಲ್ಲಿ ಮೆರವಣಿಗೆ ಹೊರಟುಹೋಗಿತ್ತು. ನಾವು ಕಟ್ಟಿದ ಬಾವುಟಗಳನ್ನು ಕೇರಿಯ ಸಣ್ಣ ಹುಡುಗರು ಹಿಡಿದುಕೊಂಡು ಹೋಗಿದ್ದರು.

ನಿಜ ಹೇಳ್ತೀವಿ, ಆಗ ನಾಚಿಕೆ ಆಗಲಿಲ್ಲ. ಶಿಳ್ಳೆ ಹೊಡೆದು ಹೊಡೆದು ಗಂಟಲು ಕಟ್ಟಿತ್ತು, ತಲೆ ತುಂಬ ಡೈಲಾಗು ತುಂಬಿತ್ತು. ನಾಚಿಕೆ ಆದದ್ದು ರಾತ್ರಿ ಊಟಕ್ಕೆ ಕೂತಾಗ. ಜಗಳೂರಿನ ಗೆಳೆಯ ಮುದ್ದೆ ಮುರಿಯುತ್ತ ಕೇಳಿದ: "ಲೇ, ಆ ಗಣಿಯೊಳಗೆ ಮೈಗೆಲ್ಲ ಮಸಿ ಮೆತ್ತಿಕೊಂಡು ಸಾವಿರಾರು ಜನ ನಿಂತಿದ್ರಲ್ಲ, ಅವರಲ್ಲಿ ಒಬ್ಬನ ಹೆಸರಾದ್ರೂ ನೆನಪೈತೇನ್ರೋ?" ಯಾರಿಗೂ ನೆನಪಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಅವನ ಅಪ್ಪ ಅವ್ವ ಮಲೆನಾಡಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವವರು. ಅಲ್ಲಿ ಅವರದೂ ತಲೆ ಲೆಕ್ಕವೇ. ಅವನಿಗೆ ಆ ಪ್ರಶ್ನೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ನಮಗೆ ಹುಟ್ಟಲಿಲ್ಲವಲ್ಲ, ಅದೇ ಆಶ್ಚರ್ಯ.

ಆ ವರ್ಷ ದೊಡ್ಡ ಸಿನಿಮಾಗಳ ಸುಗ್ಗಿ. ಮಾರ್ಚ್ 17ಕ್ಕೆ ಪುನೀತ್ ಅವರ 'ಜೇಮ್ಸ್'. ಅವರು ತೀರಿಕೊಂಡು ಐದು ತಿಂಗಳು ಕೂಡ ತುಂಬಿರಲಿಲ್ಲ, ಅಳುತ್ತಲೇ ನೋಡಿದೆವು. ಮಾರ್ಚ್ 25ಕ್ಕೆ ತೆಲುಗಿನ 'ಆರ್.ಆರ್.ಆರ್.', ಏಪ್ರಿಲ್‌ನಲ್ಲಿ ಕೆ.ಜಿ.ಎಫ್., ಜೂನ್ 10ಕ್ಕೆ '777 ಚಾರ್ಲಿ', ಜುಲೈ 28ಕ್ಕೆ 'ವಿಕ್ರಾಂತ್ ರೋಣ', ಸೆಪ್ಟೆಂಬರ್ 30ಕ್ಕೆ 'ಕಾಂತಾರ'. ಕೆ.ಜಿ.ಎಫ್. ಗಳಿಕೆ ಸಾವಿರ ಕೋಟಿ ದಾಟಿತು. ಕನ್ನಡ ಸಿನಿಮಾ ಅಂದರೆ ಮೂಗು ಮುರಿಯುತ್ತಿದ್ದ ದೇಶ ಕನ್ನಡದ ಕಡೆ ತಿರುಗಿ ನೋಡಿತು. ನಮಗೂ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಬೇಕು? ಆದರೆ ಗೆಳೆಯನ ಪ್ರಶ್ನೆ ಕಾಲಿಗೆ ಚುಚ್ಚಿದ ಜಾಲಿಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತ್ತು. ಪರದೆ ಮೇಲೆ ಗುಂಪಿನಲ್ಲಿ ನಿಂತವರು ಯಾರು?

ಕೆ.ಜಿ.ಎಫ್. ಕತೆಯನ್ನೇ ನೋಡಿ. ಸಿನಿಮಾದ ನರಾಚಿ ಗಣಿ ಕಟ್ಟುಕತೆ. ಇರಲಿ, ಕತೆ ಕಟ್ಟೋ ಹಕ್ಕು ಎಲ್ಲರಿಗೂ ಐತೆ. ಆದರೆ ಹೆಸರು ಮಾತ್ರ ನಿಜವಾದ ಊರಿನದು. ಆ ನಿಜವಾದ ಊರಿನಲ್ಲಿ 1880ರಿಂದ ಗಣಿ ನಡೆಸಿದ್ದು ಇಂಗ್ಲಿಷರ ಜಾನ್ ಟೇಲರ್ ಕಂಪನಿ. ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ಕೇರಿಗಳಿಂದ ಬಂದವರು. ಅವರಲ್ಲಿ ಬಹುಪಾಲು ನಮ್ಮ ಜನ. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮುಂಚೆ ಆ ಗಣಿಗೆ ಹರಿಯಿತು. ಬಂಗಾರ ತೆಗೆದವರ ಪಾಲಿಗೆ ಬಂದದ್ದು ತಟ್ಟಿ ಗುಡಿಸಲು, ಮತ್ತೆ ಕಲ್ಲಿನ ಧೂಳು ಕುಡಿದು ಬರುವ ಸಿಲಿಕೋಸಿಸ್ ಎಂಬ ಎದೆರೋಗ.

ಆದರೆ ಅವರು ಯಾವನೋ ಒಬ್ಬ ಬಂದು ಬಿಡಿಸಲಿ ಅಂತ ಬಾಯಿ ಬಿಟ್ಟುಕೊಂಡು ಕೂತವರಲ್ಲ. ಬಾಬಾಸಾಹೇಬರು 1956ರಲ್ಲಿ ಬೌದ್ಧ ಧರ್ಮ ಸ್ವೀಕರಿಸುವುದಕ್ಕೆ ಸುಮಾರು ಐವತ್ತು ವರ್ಷ ಮೊದಲೇ ಅಯೋತಿ ದಾಸರ ಬೌದ್ಧ ಚಳವಳಿ ಅಲ್ಲಿನ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತ್ತು. ಅವರು ಶುರು ಮಾಡಿದ 'ತಮಿಳನ್' ಪತ್ರಿಕೆ ಮುಂದೆ ಆ ಗಣಿ ಊರಿನಿಂದಲೇ ಹೊರಟಿತು. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ, "ನಾವೇನು ಕಳ್ಳರಾ?" ಅನ್ನುವ ಹಾಗೆ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. 1946ರ ಹೋರಾಟದಲ್ಲಿ ಪ್ರಾಣ ಕೊಟ್ಟರು. ಓದಿದರು, ಸಂಘ ಕಟ್ಟಿದರು, ಬೀದಿಗಿಳಿದರು.

ಸಿನಿಮಾದಲ್ಲಿ ಇದೆಲ್ಲ ಏನಾಯಿತು? ಅಲ್ಲಿ ಜನ ಕೈ ಮುಗಿಯುತ್ತಾರೆ, ಕಾಯುತ್ತಾರೆ, ಅಳುತ್ತಾರೆ. ಒಬ್ಬ ಬರುತ್ತಾನೆ, ಕತ್ತರಿಸುತ್ತಾನೆ, ಅವನೇ ಒಡೆಯನಾಗುತ್ತಾನೆ. ಹಳೆಯ ಒಡೆಯ ಹೊಡೆದು ದುಡಿಸಿದ, ಹೊಸಬ ಜೈಕಾರ ಹಾಕಿಸಿಕೊಂಡು ದುಡಿಸಿದ. ಕೊನೆಗೆ ಬಂಗಾರವೆಲ್ಲ ಅವನ ಜೊತೆ ಸಮುದ್ರದ ಪಾಲು. ತೋಡಿದವರನ್ನು ಒಂದು ಮಾತು ಕೇಳಿದವರು ಯಾರು? ನಿಜವಾದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಇವತ್ತಿಗೂ ಆ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಬೆಳಕು ಹರಿಯುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗುತ್ತಾರೆ. ಆ ರೈಲಿಗೆ ಹಿನ್ನೆಲೆ ಸಂಗೀತ ಇಲ್ಲ.

'ಆರ್.ಆರ್.ಆರ್.' ಕೂಡ ಹಾಗೇ. ಕೊಮರಂ ಭೀಮ್ ನೀರು, ಕಾಡು, ನೆಲಕ್ಕಾಗಿ ನಿಜಾಮನ ವಿರುದ್ಧ ಗೊಂಡರನ್ನು ಸಂಘಟಿಸಿ 1940ರಲ್ಲಿ ಹುತಾತ್ಮನಾದ ನಾಯಕ. ಸಿನಿಮಾದ ಭೀಮ ಕೊನೆಗೆ ಇನ್ನೊಬ್ಬ ನಾಯಕನ ಮುಂದೆ ನಿಂತು ಅಕ್ಷರ ಕಲಿಸು ಅಂತ ಕೇಳುತ್ತಾನೆ. ಅಕ್ಷರ ಬೇಕು, ನಮ್ಮಷ್ಟು ಅದನ್ನು ಬಲ್ಲವರಿಲ್ಲ. ಆದರೆ ಒಂದು ಜನಾಂಗಕ್ಕೇ ದಾರಿ ತೋರಿಸಿದವನನ್ನು ಶಿಷ್ಯನ ಜಾಗದಲ್ಲಿ ಕೂರಿಸಿದ್ದು ಯಾಕೆ?

ಇನ್ನು 'ಕಾಂತಾರ'. ನೋಡಿ ಮೈ ಜುಮ್ಮೆಂದಿತು. ಭೂಮಿಯ ಪ್ರಶ್ನೆ ಎತ್ತಿದ ಸಿನಿಮಾ ಅದು, ಒಡೆಯನ ಮೋಸವನ್ನು ಬಯಲಿಗೆಳೆದ ಸಿನಿಮಾ. ಅದಕ್ಕೆ ಶಹಬ್ಬಾಸ್ ಅನ್ನುತ್ತೇವೆ. ಕರಾವಳಿಯಲ್ಲಿ ಭೂತದ ವೇಷ ಕಟ್ಟುವವರು ನಲಿಕೆ, ಪರವ, ಪಂಬದ ಜನ. ಮೂರೂ ಪರಿಶಿಷ್ಟ ಜಾತಿಗಳೇ. ರಾತ್ರಿ ದೈವವಾಗಿ ನಿಂತಾಗ ಒಡೆಯ ಅವರ ಮುಂದೆ ಕೈ ಮುಗಿಯುತ್ತಾನೆ. ಬೆಳಿಗ್ಗೆ ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದಾಚೆ ನಿಲ್ಲಬೇಕು. ಈ ಎರಡನೇ ಅರ್ಧ ತಾನೇ ನಮ್ಮ ಕತೆ? ಸಿನಿಮಾದಲ್ಲಿ ದೈವ ಮೈಮೇಲೆ ಬಂದು ನ್ಯಾಯ ತೀರಿಸುತ್ತದೆ. ಆ ಜನರ ಜಾತಿಯ ಹೆಸರು ಹೇಳಲು ಮಾತ್ರ ಸಿನಿಮಾ ಬಾಯಿ ಬಿಡುವುದಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಸಿನಿಮಾ ಬಂದ ತಿಂಗಳೊಳಗೆ, 2022ರ ಅಕ್ಟೋಬರಿನಲ್ಲಿ, 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಅಂತ ಸರ್ಕಾರ ಘೋಷಿಸಿತು. ಅರ್ಜಿ ಬರೆದರೆ ಅಲ್ಲಾಡದ ಕುರ್ಚಿ ಸಿನಿಮಾಗೆ ಅಲ್ಲಾಡುತ್ತದೆ. ಹಾಗಾದರೆ ಸಿನಿಮಾ ಬರೀ ಮನರಂಜನೆ ಹೇಗಾದೀತು?

"ಸಿನಿಮಾ ಅಂದ್ರೆ ಸಿನಿಮಾ ಕಣ್ರೋ, ಅದಕ್ಯಾಕೆ ಜಾತಿ ತರ್ತೀರಿ?" ಅನ್ನುವ ಗೆಳೆಯರು ನಮ್ಮ ಹಾಸ್ಟೆಲಿನಲ್ಲೂ ಇದ್ದರು. ಅವರಿಗೆ ನಮ್ಮ ಉತ್ತರ ಇಷ್ಟೇ: ಜಾತಿ ತಂದವರು ನಾವಲ್ಲ. 2023ರ ಡಿಸೆಂಬರ್ 29ಕ್ಕೆ ಬಂದ 'ಕಾಟೇರ' ಉಳುವವನೇ ಹೊಲದೊಡೆಯ ಅನ್ನುವ ಕಾಲದ ಕತೆ. ಶಿಳ್ಳೆ ಹೊಡೆದು ನೋಡಿದೆವು. 1974ರ ಕಾಯ್ದೆಯಲ್ಲಿ ನಮೂನೆ 7 ತುಂಬಿ ಅರ್ಜಿ ಹಾಕಬಹುದಾಗಿದ್ದದ್ದು ಗೇಣಿದಾರ. ಗೇಣಿಗೂ ಹೊಲ ಸಿಗದೆ ಬರೀ ಕೂಲಿ ಮಾಡಿದ, ಜೀತಕ್ಕಿದ್ದ ನಮ್ಮ ಅಜ್ಜಂದಿರು ಯಾವ ನಮೂನೆ ತುಂಬಬೇಕಿತ್ತು? ಹೊನ್ನಾಳಿ ಕಡೆ ಗದ್ದೆ ನಾಟಿ ಮಾಡಿದ ಕೈಗೆ, ಚನ್ನಗಿರಿ ಕಡೆ ಅಡಿಕೆ ಸುಲಿದು ಕಪ್ಪಾದ ಬೆರಳಿಗೆ ಇವತ್ತಿಗೂ ಸ್ವಂತ ಹೊಲ ಇಲ್ಲದ ಮನೆಗಳಿಂದಲೇ ನಾವು ಬಂದವರು. ಆ ಕತೆಯನ್ನು ಯಾವ ಸ್ಟಾರೂ ಮಾಡಿಲ್ಲ.

ಹಾಗಂತ ದೊಡ್ಡ ಸಿನಿಮಾ ನಮ್ಮದಾಗಲ್ಲ ಅಂತೇನಿಲ್ಲ. 2016ರಲ್ಲಿ ಮರಾಠಿಯ ದಲಿತ ನಿರ್ದೇಶಕ ನಾಗರಾಜ ಮಂಜುಳೆ 'ಸೈರಾಟ್' ಮಾಡಿದರು. ಸ್ಟಾರುಗಳಿಲ್ಲದೆ ಆವರೆಗಿನ ಮರಾಠಿ ಗಳಿಕೆಯನ್ನೆಲ್ಲ ಮುರಿಯಿತು. ಕನ್ನಡಕ್ಕೂ 2017ರಲ್ಲಿ 'ಮನಸು ಮಲ್ಲಿಗೆ' ಆಗಿ ಬಂತು. 2024ರ ಆಗಸ್ಟ್ 15ಕ್ಕೆ ತಮಿಳಿನ ಪಾ. ರಂಜಿತ್ 'ತಂಗಲಾನ್' ತಂದರು. ಅದೇ ಕೋಲಾರದ ಚಿನ್ನ, ಆದರೆ ನಡುವೆ ನಿಂತವರು ತೋಡಿದವರು. ನಮ್ಮ ನೆಲದ ಕತೆಯನ್ನು ತಮಿಳಿನವರು ಬಂದು ಹೇಳಬೇಕಾಯಿತಲ್ಲ, ಕನ್ನಡದಲ್ಲಿ ಹೇಳೋರು ಯಾಕಿಲ್ಲ? ಈ ಪ್ರಶ್ನೆಯನ್ನು ಗಾಂಧಿನಗರಕ್ಕೆ ಕೇಳುವ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ.

ಟಿಕೆಟ್ ದರದ ಮಾತೂ ಇದಕ್ಕೆ ಸೇರಿದ್ದೇ. 200 ರೂಪಾಯಿ ಮೀರಬಾರದು ಅಂತ 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಅವ್ವ ಒಂದು ದಿನ ಬಗ್ಗಿ ದುಡಿದ ಕೂಲಿಯನ್ನು ಮೂರು ಗಂಟೆಗೆ ಕೊಟ್ಟು ಬರುವಾಗ, ಆ ಅವ್ವ ಪರದೆ ಮೇಲೆ ಎಲ್ಲಿ ನಿಂತಿದ್ದಾಳೆ ಅಂತ ನೋಡುವ ಹಕ್ಕು ನಮಗಿದೆ.

ಸಿನಿಮಾ ನೋಡಬೇಡಿ ಅಂತ ನಾವು ಹೇಳುತ್ತಿಲ್ಲ. ನಾವೂ ನೋಡೋರೇ. ನೋಡಿ, ಶಿಳ್ಳೆ ಹೊಡೀರಿ. ಆದರೆ ಹಾಸ್ಟೆಲಿಗೆ ಬಂದ ಮೇಲೆ ಒಂದು ತಾಸು ಕೂತು ಮಾತಾಡಿ. ಗುಂಪಿನಲ್ಲಿ ಯಾರಿದ್ದರು, ಅವರಿಗೆ ಹೆಸರಿತ್ತಾ, ಅವರು ತಾವಾಗಿ ಏನಾದರೂ ಮಾಡಿದರಾ ಅಂತ ಒಬ್ಬರನ್ನೊಬ್ಬರು ಕೇಳಿ. ಗೋಡೆ ಪತ್ರಿಕೆಗೆ ಬರೆಯಿರಿ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಬಾಯಿಂದ ಒಂದು ಕತೆ ಬರೆದುಕೊಂಡು ಬನ್ನಿ. ಕೈಯಲ್ಲಿ ಮೊಬೈಲು ಐತಲ್ಲ, ಕ್ಯಾಮೆರಾ ಹಿಡಿಯೋದು ಕಲೀರಿ. ಮುಂದೆ ಕನ್ನಡದ 'ಸೈರಾಟ್' ಮಾಡೋ ಹುಡುಗನೋ ಹುಡುಗಿಯೋ ಈಗ ನಿಮ್ಮ ಪಕ್ಕದ ರೂಮಿನಲ್ಲಿ ಹರಿದ ಚಾಪೆ ಮೇಲೆ ಮಲಗಿರಬಹುದು.

ಇನ್ನು ಮುಂದೆ ಯಾವ ಏಪ್ರಿಲ್ 14ಕ್ಕೆ ಯಾವ ದೊಡ್ಡ ಸಿನಿಮಾ ಬಂದರೂ ಬರಲಿ. ಬಾವುಟ ಕಟ್ಟಿದವರೇ ಬಾವುಟ ಹಿಡಿಯೋಣ. ಮೆರವಣಿಗೆ ಮುಗಿಸಿ, ಬೆವರು ಒರೆಸಿಕೊಂಡು, ಎಲ್ಲರೂ ಸೇರಿ ಸೆಕೆಂಡ್ ಶೋಗೆ ಹೋಗೋಣ.

ಜೈ ಭೀಮ್.